ಅರಿವಳಿಕೆಯಲ್ಲಿ ನೋವಿನ ಸ್ಪಂದನ: ಎಸ್‌ಪಿಐ ಏರುವುದೇಕೆ, ಎಎನ್‌ಐ ಇಳಿಯುವುದೇಕೆ?

ನೋವು ಎಚ್ಚರವಿದ್ದವರ ಅನುಭವ. ಸಾಮಾನ್ಯ ಅರಿವಳಿಕೆಯಲ್ಲಿರುವ ರೋಗಿಗೆ ಆ ಅನುಭವ ಇಲ್ಲದಿದ್ದರೂ, ಚರ್ಮ ಕೊಯ್ದಾಗ ಹುಟ್ಟುವ ಸಂಕೇತವು ಬೆನ್ನುಹುರಿಯ ಮೂಲಕ ಮಿದುಳಕಾಂಡವನ್ನು ತಲುಪಿ ಸಿಂಪಥೆಟಿಕ್ ನರಗಳನ್ನು, ಅಂದರೆ ಅಪಾಯದಲ್ಲಿ ದೇಹವನ್ನು ಸಜ್ಜುಗೊಳಿಸುವ ನರಗಳನ್ನು, ಕೆರಳಿಸುತ್ತದೆ. ಮಾನಿಟರ್ ಅಳೆಯುವುದು ಈ ಕೆರಳಿಕೆಯ ಪರಿಣಾಮವನ್ನೇ ಹೊರತು ನೋವನ್ನಲ್ಲ. ರಕ್ತದೊತ್ತಡ, ಹೃದಯ ಬಡಿತ, ಬೆವರು, ಕಣ್ಣೀರು ಇವುಗಳಿಗೆ ತಲಾ 0ಯಿಂದ 2 ಅಂಕ ಕೊಟ್ಟು ಕೂಡುವ ಪಿಆರ್‌ಎಸ್‌ಟಿ ಹಳೆಯ ವಿಧಾನ, ಅದನ್ನು ಅರ್ಥಮಾಡಿಕೊಳ್ಳುವುದು ಸುಲಭ.

ಅರ್ಥಮಾಡಿಕೊಳ್ಳಲು ತೊಡಕಾಗುವುದು ಸರ್ಜಿಕಲ್ ಪ್ಲೆತ್ ಇಂಡೆಕ್ಸ್, ಅಂದರೆ ಎಸ್‌ಪಿಐ ಸೂತ್ರ. ಬೆರಳಿನ ಪಲ್ಸ್ ಆಕ್ಸಿಮೀಟರ್ ಅಲೆಯ ಎತ್ತರವನ್ನು 0.7ರಿಂದಲೂ, ಎರಡು ಬಡಿತಗಳ ನಡುವಿನ ಅಂತರವನ್ನು 0.3ರಿಂದಲೂ ಗುಣಿಸಿ, ಎರಡನ್ನೂ ಕೂಡಿ, ಬಂದ ಮೊತ್ತವನ್ನು 100ರಿಂದ ಕಳೆಯಬೇಕು. ಎರಡೂ ಅಳತೆಗಳನ್ನು ಮೊದಲೇ 0–100ರ ಮಾಪಕಕ್ಕೆ ಹೊಂದಿಸಿರುತ್ತಾರೆ. ಕಳೆಯುವುದೇಕೆ? ಸಿಂಪಥೆಟಿಕ್ ನರಗಳು ಕೆರಳಿ ದೇಹಕ್ಕೆ ಒತ್ತಡ ಉಂಟಾದಾಗ ಬೆರಳಿನ ರಕ್ತನಾಳಗಳು ಸಂಕುಚಿಸಿ ಅಲೆ ಕುಗ್ಗುತ್ತದೆ. ಹೃದಯ ವೇಗವಾಗಿ ಬಡಿಯುವುದರಿಂದ ಅಂತರವೂ ಕಿರಿದಾಗುತ್ತದೆ. ಎರಡೂ ಇಳಿಯುವ ಸಂಖ್ಯೆಗಳಾದ್ದರಿಂದ, 100ರಿಂದ ಕಳೆದಾಗ ಮಾತ್ರ ಒತ್ತಡ ಹೆಚ್ಚಿದಂತೆ ಸೂಚ್ಯಂಕವೂ ಏರುತ್ತದೆ.

ಲೆಕ್ಕ ಹಾಕಿ ನೋಡೋಣ. ಎರಡೂ 60 ಇದ್ದರೆ 42ಕ್ಕೆ 18 ಸೇರಿ 60, ಆದ್ದರಿಂದ ಎಸ್‌ಪಿಐ 40. ಕೊಯ್ದೊಡನೆ ಅಲೆ 30ಕ್ಕೂ ಅಂತರ 50ಕ್ಕೂ ಇಳಿದರೆ 21ಕ್ಕೆ 15 ಸೇರಿ 36, ಎಸ್‌ಪಿಐ 64. ಅಲೆ 60ರಲ್ಲೇ ಉಳಿದು ಅಂತರ ಮಾತ್ರ 50ಕ್ಕೆ ಇಳಿದಿದ್ದರೆ? ಕೇವಲ 43. ಅಂದರೆ ಸೂಚ್ಯಂಕವನ್ನು ಮುಖ್ಯವಾಗಿ ಎಳೆದಾಡುವುದು ಬೆರಳಿನ ರಕ್ತನಾಳವೇ. ತಣ್ಣಗಾದ ಕೈ, ರಕ್ತದ ಪ್ರಮಾಣದ ಕೊರತೆ, ರಕ್ತನಾಳ ಸಂಕುಚಿಸುವ ಔಷಧಿ ಇವೆಲ್ಲ ಅಳತೆಯನ್ನು ಕೆಡಿಸಬಲ್ಲವು ಎಂಬುದು ಇಲ್ಲಿಂದಲೇ ತಿಳಿಯುತ್ತದೆ. ಸಾಮಾನ್ಯವಾಗಿ 20–50ರ ನಡುವೆ ಇಡಲು ಯತ್ನಿಸುತ್ತಾರೆ.

ಎಎನ್‌ಐ, ಅಂದರೆ ಅನಾಲ್ಜೀಸಿಯಾ ನೊಸಿಸೆಪ್ಷನ್ ಇಂಡೆಕ್ಸ್, ಇದಕ್ಕೆ ವಿರುದ್ಧ. ಉಸಿರಾಟದೊಂದಿಗೆ ಬಡಿತದ ಅಂತರದಲ್ಲಾಗುವ ಏರಿಳಿತದಿಂದ ಅದು ಪ್ಯಾರಾಸಿಂಪಥೆಟಿಕ್ ನರಗಳ, ಅಂದರೆ ದೇಹವನ್ನು ಶಾಂತಗೊಳಿಸುವ ನರಗಳ, ಪ್ರಭಾವವನ್ನು ಅಂದಾಜಿಸುತ್ತದೆ. ಒತ್ತಡ ಉಂಟಾದಾಗ ಆ ಪ್ರಭಾವ ತಗ್ಗುವುದರಿಂದ ಎಎನ್‌ಐ ಕೂಡ ಇಳಿಯುತ್ತದೆ. 50–70 ಸಮಾಧಾನಕರ, 50ಕ್ಕಿಂತ ಕೆಳಗಿದ್ದರೆ ನೋವುನಿವಾರಕ ಸಾಲದೇನೋ ಎಂದು ಯೋಚಿಸಬೇಕು. ಆ ನರಗಳ ಪ್ರಭಾವವನ್ನು ತಡೆಯುವ ಅಟ್ರೋಪಿನ್ ಔಷಧಿ ಕೊಟ್ಟ ಮೇಲೆ ಅಥವಾ ಹೃದಯ ಬಡಿತ ಲಯ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್ ಇರುವವರಲ್ಲಿ ಈ ಸಂಖ್ಯೆಯನ್ನು ನಂಬುವಂತಿಲ್ಲ.

ಮಿದುಳಿನ ವಿದ್ಯುತ್ ಅಲೆಗಳಿಂದ ಲೆಕ್ಕ ಹಾಕುವ ಬೈಸ್ಪೆಕ್ಟ್ರಲ್ ಇಂಡೆಕ್ಸ್, ಅಂದರೆ ಬಿಐಎಸ್ ಅನ್ನು ಇವುಗಳ ಸಾಲಿಗೆ ಸೇರಿಸಬಾರದು. 40–60 ತೋರಿಸುವ ಬಿಐಎಸ್ ಮಿದುಳಿನ ಪ್ರಜ್ಞಾಹೀನತೆಯ ಆಳವನ್ನು ಹೇಳುತ್ತದೆ, ಓಪಿಯಾಯ್ಡ್ (ಮಾರ್ಫಿನ್‌ನಂಥ ಪ್ರಬಲ ನೋವುನಿವಾರಕ) ಸಾಕಾಗಿದೆಯೇ ಎಂಬುದನ್ನಲ್ಲ. ಸ್ನಾಯು ಸಡಿಲಿಸುವ ಔಷಧಿ ಕೊಟ್ಟಿದ್ದರೆ ರೋಗಿ ಅಲುಗಾಡದಿರುವುದೂ ನೋವುನಿವಾರಕ ಸಾಕಾಗಿದೆ ಎಂಬುದಕ್ಕೆ ಪುರಾವೆಯಾಗದು.