ಕೊರಿಯಾದ ಮೊದಲ ಸ್ಟಾಂಪ್ ಯಾವುದು?

ಎರಡು ಕೊರಿಯಾಗಳ ಮೊದಲ ಅಂಚೆಚೀಟಿಗಳನ್ನು ಕೂಡಿಸಲು ಹೊರಟವರು ಆಲ್ಬಮ್‌ನ ಮೊದಲ ಪುಟದಲ್ಲೇ ತಡವರಿಸುತ್ತಾರೆ. ಒಬ್ಬ ವ್ಯಾಪಾರಿ 1884ರ ಚೀಟಿ ತೋರಿಸಿ ಇದೇ ಮೊದಲನೆಯದು ಅನ್ನುತ್ತಾನೆ. ಇನ್ನೊಬ್ಬ 1946ರ ಫೆಬ್ರವರಿ ಅನ್ನುತ್ತಾನೆ, ಮತ್ತೊಬ್ಬ ಅದೇ ವರ್ಷದ ಮಾರ್ಚ್. ಎರಡೂ ಸರ್ಕಾರಗಳು ಹುಟ್ಟಿದ್ದೇ 1948ರಲ್ಲಿ, ಅದಕ್ಕೂ ಹಿಂದಿನದು ಲೆಕ್ಕಕ್ಕಿಲ್ಲ ಅನ್ನುವವರೂ ಇದ್ದಾರೆ. ಯಾರೂ ಸುಳ್ಳು ಹೇಳುತ್ತಿಲ್ಲ. ದೇಶ ಯಾವಾಗ ಎರಡಾಯಿತು ಅನ್ನುವುದಕ್ಕೆ ಒಂದೇ ತಾರೀಖು ಇಲ್ಲವಲ್ಲ, ತಕರಾರು ಅಲ್ಲಿಂದಲೇ ಶುರು.

ಹಳೆಯ ಕಥೆ ಬೇಗ ಮುಗಿಸೋಣ. 1884ರ ನವೆಂಬರ್‌ನಲ್ಲಿ ರಾಜಧಾನಿ ಸೋಲ್‌ನಲ್ಲಿ ಅಂಚೆ ಕಚೇರಿ ತೆರೆಯಿತು. ಡಿಸೆಂಬರ್‌ನಲ್ಲಿ ಅದರ ಸಂಭ್ರಮದ ಔತಣಕೂಟದ ದಿನವೇ ದಂಗೆ ನಡೆದು ಕಚೇರಿ ಮುಚ್ಚಿತು. ಟೋಕಿಯೋದಲ್ಲಿ ಅಚ್ಚು ಹಾಕಿಸಿದ್ದ ಐದು ಬೆಲೆಗಳ ಚೀಟಿಗಳಲ್ಲಿ ಎರಡು ಮಾತ್ರ ಸಮಯಕ್ಕೆ ಬಂದಿದ್ದವು. ಉಳಿದ ಮೂರಕ್ಕೆ ಪತ್ರದ ಮೇಲೆ ಕೂರುವ ಯೋಗ ಬರಲೇ ಇಲ್ಲ. ದಾಸ್ತಾನು ಹಾಗೇ ಉಳಿಯಿತು, ಅದಕ್ಕೇ ಅವು ಇವತ್ತಿಗೂ ಅಗ್ಗಕ್ಕೆ ಸಿಗುತ್ತವೆ. 1895ರಲ್ಲಿ ಅಂಚೆ ಮತ್ತೆ ಚಾಲೂ ಆಯಿತು, 1905ರಲ್ಲಿ ಅದು ಜಪಾನಿನ ಕೈಗೆ ಹೋಯಿತು, 1910ರಲ್ಲಿ ದೇಶವೇ ಹೋಯಿತು. ಆಮೇಲೆ 1945ರವರೆಗೂ ಕೊರಿಯನ್ನರು ಅಂಟಿಸಿದ್ದು ಜಪಾನಿನ ಚೀಟಿ.

ನಿಜವಾದ ಸಿಕ್ಕು ಇರುವುದು 1945ರಿಂದ 1950ರ ನಡುವಿನ ಐದು ವರ್ಷಗಳಲ್ಲಿ. ಜಪಾನ್ ಸೋಲುವ ಹೊತ್ತಿಗೆ ಅಮೆರಿಕದ ಇಬ್ಬರು ಸೇನಾಧಿಕಾರಿಗಳು ನಕ್ಷೆ ನೋಡಿ 38ನೇ ಅಕ್ಷಾಂಶದಲ್ಲಿ ಒಂದು ಗೆರೆ ಸೂಚಿಸಿದರು. ಗೆರೆಯ ಮೇಲ್ಗಡೆ ಸೋವಿಯತ್ ಸೇನೆ, ಕೆಳಗಡೆ ಅಮೆರಿಕದ ಸೇನೆ. ಶರಣಾದ ಜಪಾನಿ ಸೈನಿಕರಿಂದ ಆಯುಧ ವಾಪಸ್ ತಗೊಳ್ಳುವ ತನಕದ ಏರ್ಪಾಡು ಅಂತ ಎಲ್ಲರೂ ಅಂದುಕೊಂಡಿದ್ದರು. ಅಂಚೆ ಕಚೇರಿಗಳೂ ಹಾಗೇ ಅಂದುಕೊಂಡವು. ಕೌಂಟರ್‌ನಲ್ಲಿ ಮಿಕ್ಕಿದ್ದ ಜಪಾನಿನ ಚೀಟಿಗಳನ್ನೇ ಮಾರುತ್ತಾ ಹೋದವು.

ದಕ್ಷಿಣದಲ್ಲಿ ಮೊದಲ ಬದಲಾವಣೆ ಬಂದದ್ದು 1946ರ ಫೆಬ್ರವರಿ 1ಕ್ಕೆ. ಅಮೆರಿಕದ ಸೇನಾ ಆಡಳಿತ ಜಪಾನಿ ಚೀಟಿಗಳ ಮೇಲೆ ಕೊರಿಯನ್ ಲಿಪಿಯಲ್ಲಿ ಹೊಸ ಹೆಸರು, ಹೊಸ ಬೆಲೆ ಒತ್ತಿಸಿತು. ಇದಕ್ಕೆ ಮೇಲೊತ್ತು ಅನ್ನುತ್ತಾರೆ. ಒಟ್ಟು ಆರು ಚೀಟಿಗಳು. ಇವುಗಳಲ್ಲಿ 5 ಚೋನ್‌ನ (ಚೋನ್ ಅಂದರೆ ಅಲ್ಲಿನ ವೋನ್ ಹಣದ ಚಿಲ್ಲರೆ) ಒಂದು ಚೀಟಿಯನ್ನು ಸ್ವಲ್ಪ ಭೂತಕನ್ನಡಿ ಹಿಡಿದು ನೋಡಬೇಕು. ಕೆಳಗಿನ ಕಂದು ಚಿತ್ರ ಜಪಾನಿನ ಅಡ್ಮಿರಲ್ ಟೋಗೊ ಅವರದು. 1905ರಲ್ಲಿ ರಷ್ಯಾದ ನೌಕಾಪಡೆಯನ್ನು ಮುಳುಗಿಸಿದವರು. ಕೊರಿಯಾದ ಅಂಚೆ ಜಪಾನಿನ ಪಾಲಾದ ವರ್ಷವೂ ಅದೇ. ಅವರ ಮುಖದ ಮೇಲೇ ಕೊರಿಯಾದ ಹೆಸರು! ಯಾರೂ ಬೇಕೆಂದು ಮಾಡಿದ್ದಲ್ಲ, ದಾಸ್ತಾನಿನಲ್ಲಿ ಇದ್ದದ್ದು ಅದು. ಅದೇ ವರ್ಷ ಮುಂದೆ ಬಂದ 10 ವೋನ್ ಚೀಟಿಯಲ್ಲಿ ಇನ್ನೊಬ್ಬ ಅಡ್ಮಿರಲ್ ಬಂದರು. 16ನೇ ಶತಮಾನದಲ್ಲಿ ಜಪಾನಿನ ಹಡಗುಗಳನ್ನು ಚಚ್ಚಿ ಓಡಿಸಿದ ಯಿ ಸುನ್-ಸಿನ್. ಈ ಸಲ ಆಯ್ಕೆ ಬೇಕೆಂದೇ ಮಾಡಿದ್ದು. ಆ ಸಾಲಿನಲ್ಲೇ 2 ವೋನ್‌ನ ಒಂದು ಚೀಟಿ ಇದೆ. ಅದರಲ್ಲಿ ಕೊರಿಯಾದ ನಕ್ಷೆ, ಇಡಿಯಾಗಿ, ಮಧ್ಯದಲ್ಲಿ ಗೆರೆಯೇ ಇಲ್ಲದೆ.

ಉತ್ತರದಲ್ಲಿ ಮೊದಲ ಚೀಟಿಗಳು ಹೊರಟದ್ದು 1946ರ ಮಾರ್ಚ್ 12ಕ್ಕೆ. ಇಲ್ಲಿ ಮೇಲೊತ್ತು ಇಲ್ಲ, ಚಿತ್ರವೇ ಹೊಸದು. 20 ಚೋನ್‌ನ ಚೀಟಿಯಲ್ಲಿ ಮುಗುಂಘ್ವಾ ಹೂ, ಅಂದರೆ ನಮ್ಮ ದಾಸವಾಳದ ಜಾತಿಯದೇ. 50 ಚೋನ್‌ನದರಲ್ಲಿ ಕುಮ್‌ಗಾಂಗ್ ಬೆಟ್ಟ. ಬೆಟ್ಟ ಇರುವುದು ಉತ್ತರದಲ್ಲಿ, ಸರಿ. ಆದರೆ ಆ ಹೂ? ಇವತ್ತು ಅದು ದಕ್ಷಿಣ ಕೊರಿಯಾದ ರಾಷ್ಟ್ರೀಯ ಹೂ. ಉತ್ತರ ಮುಂದೆ ಅದನ್ನು ಬಿಟ್ಟು ಮ್ಯಾಗ್ನೋಲಿಯಾ ಹಿಡಿಯಿತು. ಇದಕ್ಕಿಂತ ಸೋಜಿಗದ್ದು ಬಿಡುಗಡೆಯ ಮೊದಲ ವರ್ಷಾಚರಣೆಗೆ ಉತ್ತರದಲ್ಲಿ ಬಂದ ಚೀಟಿ. ಅದರಲ್ಲಿ ಉತ್ತರದ ನಾಯಕ ಕಿಮ್ ಇಲ್-ಸಂಗ್ ಇದ್ದಾರೆ, ಹಿಂದೆ ಬಾವುಟ. ಆ ಬಾವುಟ ಇವತ್ತಿನ ದಕ್ಷಿಣ ಕೊರಿಯಾದ ಬಾವುಟ! ಆಗ ಇಬ್ಬರಿಗೂ ಇದ್ದದ್ದು ಒಂದೇ ಬಾವುಟ, ಒಂದೇ ಹೂ. ಚೀಟಿಯ ಮೇಲೆ ಬರೆಯುತ್ತಿದ್ದ ಹೆಸರೂ ಒಂದೇ, ಜೋಸನ್, ಅಂದರೆ ಕೊರಿಯಾ. ಉತ್ತರ, ದಕ್ಷಿಣ ಅನ್ನುವ ಶೀರ್ಷಿಕೆಗಳನ್ನು ಕ್ಯಾಟಲಾಗ್‌ನವರು, ಅಂದರೆ ಚೀಟಿಗಳ ಪಟ್ಟಿ ಮಾಡುವವರು, ಆಮೇಲೆ ಸೇರಿಸಿದ್ದು.

ಪತ್ರಗಳೂ ಗೆರೆ ದಾಟುತ್ತಿದ್ದವು. 1946ರ ಮಾರ್ಚ್‌ನಿಂದ ಕೇಸಾಂಗ್ ಊರಿನಲ್ಲಿ ಎರಡೂ ಕಡೆಯ ಅಂಚೆಯವರು ಚೀಲ ಅದಲು ಬದಲು ಮಾಡಿಕೊಳ್ಳುತ್ತಿದ್ದರು. 1948ರಲ್ಲಿ ಎರಡು ಸರ್ಕಾರಗಳು ಬಂದವು, ಒಂದನ್ನೊಂದು ಒಪ್ಪಲಿಲ್ಲ. ಆದರೂ ಈ ವ್ಯವಸ್ಥೆ ನಿಲ್ಲಲಿಲ್ಲ. ಯುದ್ಧ ಶುರುವಾದ 1950ರ ಜೂನ್ 25ಕ್ಕೆ ಕೆಲವೇ ದಿನ ಮುಂಚಿನವರೆಗೂ ನಡೆದಿತ್ತು. ಹೀಗೆ ಗೆರೆ ದಾಟಿ ಹೋದ ಲಕೋಟೆ ನನ್ನ ಲೆಕ್ಕದಲ್ಲಿ ಯಾವ ಹೊಸ, ಅಂಟು ಕೆಡದ ಚೀಟಿಗಿಂತಲೂ ದೊಡ್ಡದು. ಬರೀ ಚೀಟಿಯನ್ನು ಯಾರೂ ಬಳಸದೇ ಇದ್ದಿರಬಹುದು. ಮುದ್ರೆ ಬಿದ್ದ ಲಕೋಟೆಯಲ್ಲಿ ಒಬ್ಬರು ಬರೆದದ್ದು, ಇನ್ನೊಬ್ಬರಿಗೆ ತಲುಪಿದ್ದು ಕಣ್ಣಿಗೆ ಕಾಣುತ್ತದೆ. ಬೆಲೆ ಪಟ್ಟಿಗಳು ಚೀಟಿಗೆ ಕೊಡುವ ಜಾಗ ಲಕೋಟೆಗೆ ಕೊಡುವುದಿಲ್ಲ. ಹೊಸಬರು ಪಟ್ಟಿ ನೋಡಿಕೊಂಡೇ ಕೊಳ್ಳುತ್ತಾರೆ, ಏನು ಮಾಡೋದು.

ಉತ್ತರದ ಮೊದಲ ಚೀಟಿಗಳದ್ದು ಇನ್ನೊಂದು ಪೇಚು. ಅಸಲಿ 1946ರವು ಒರಟು ಕಾಗದದವು. ಹಿಂದೆ ಅಂಟಿಲ್ಲ. ಅಂಚಿನಲ್ಲಿ ಹಲ್ಲೇ ಇಲ್ಲದವು ಇವೆ, ಹಲ್ಲಿನ ಬದಲು ಸಣ್ಣ ಸೀಳು ಹಾಕಿದವೂ ಇವೆ. 1950ರ ದಶಕದ ನಡುಭಾಗದಲ್ಲಿ ಅಲ್ಲಿನ ಅಂಚೆ ಇಲಾಖೆಯೇ ಹಳೆಯ ಚೀಟಿಗಳನ್ನು ಮತ್ತೆ ಅಚ್ಚು ಹಾಕಿ ಹೊರದೇಶದ ಸಂಗ್ರಾಹಕರಿಗೆ ಮಾರಿತು. ಕಾಗದ ಹೆಚ್ಚು ಬಿಳಿ, ಅಚ್ಚು ಹೆಚ್ಚು ಚೊಕ್ಕ, ಎಷ್ಟೋ ಸಲ ಹಿಂದೆ ಅಂಟು ಬೇರೆ. ಇದನ್ನು ನಕಲಿ ಅನ್ನೋಣವೇ? ಅಚ್ಚು ಹಾಕಿದವರು ಇಲಾಖೆಯವರೇ. ಅಸಲಿ ಅನ್ನೋಣವೇ? ಆ ಚೀಟಿ ಹಚ್ಚಿ ಯಾರೂ ಪತ್ರ ಹಾಕಲಿಲ್ಲ. ಮಾರುಕಟ್ಟೆಯಲ್ಲಿ ‘1946’ ಅಂತ ಸಿಗುವುದರಲ್ಲಿ ಈ ಮರುಮುದ್ರಣಗಳೂ ಸೇರಿಕೊಂಡಿರುತ್ತವೆ. ನೋಡೋಕೆ ತುಂಬಾ ಚೆನ್ನಾಗಿದ್ದರೆ ಅನುಮಾನ ಪಡಬೇಕು, ಅಷ್ಟೇ. ದಕ್ಷಿಣದ ಮೇಲೊತ್ತಿನ ಚೀಟಿಗಳಿಗೂ ಎಚ್ಚರ ಬೇಕು. ಹಳೆಯ ಜಪಾನಿ ಚೀಟಿ, ಒಂದಿಷ್ಟು ಕಪ್ಪು ಶಾಯಿ ಸಿಕ್ಕರೆ ಸಾಕು, ಕೈಚಳಕದವರಿಗೆ ಅಕ್ಷರ ಕೂರಿಸುವುದು ಕಷ್ಟವಲ್ಲ.

ಯುದ್ಧದ ವರ್ಷದಲ್ಲಿ ಅವಸರ ಜಾಸ್ತಿಯಾಯಿತು. ಉತ್ತರದ ಸೇನೆ ಜೂನ್ 28ಕ್ಕೆ ಸೋಲ್ ಹಿಡಿಯಿತು. ಜುಲೈ 10ಕ್ಕೆಲ್ಲ ಅದರ ನೆನಪಿನ ಚೀಟಿ ಉತ್ತರದಲ್ಲಿ ಮಾರಾಟಕ್ಕೆ ಬಂತು. ಸೆಪ್ಟೆಂಬರ್‌ನಲ್ಲಿ ಸೋಲ್ ಕೈತಪ್ಪಿತು. ವಿಶ್ವಸಂಸ್ಥೆಯ ಪಡೆಗಳು ಉತ್ತರಕ್ಕೆ ನುಗ್ಗಿ ಚೀನಾದ ಗಡಿ ಹತ್ತಿರ ಹೋದವು. ನವೆಂಬರ್ 20ಕ್ಕೆ ದಕ್ಷಿಣ ‘ದೇಶ ಒಂದಾಯಿತು’ ಅಂತ ಮೂರು ಚೀಟಿ ಹೊರಡಿಸಿತು. ಒಂದರಲ್ಲಿ ಅಧ್ಯಕ್ಷ ಸಿಂಗ್‌ಮನ್ ರೀ. ಅದೇ ವಾರದ ಕೊನೆಗೆ ಚೀನಾದ ದೊಡ್ಡ ದಾಳಿ ಶುರುವಾಯಿತು, ಜನವರಿಗೆ ಸೋಲ್ ಮತ್ತೆ ಹೋಯಿತು. ಎರಡು ಕಡೆಯ ಈ ಚೀಟಿಗಳನ್ನು ಒಂದೇ ಪುಟದಲ್ಲಿ ಪಕ್ಕಪಕ್ಕ ಇಡಬೇಕು. ಕ್ಯಾಟಲಾಗ್ ಪ್ರಕಾರ ಹೋದರೆ ನೂರಾರು ಪುಟ ದೂರ ಬೀಳುತ್ತವೆ.

ಈ ಕಥೆಯಲ್ಲಿ ನಮ್ಮದೂ ಒಂದು ಪಾಲಿದೆ. 1953ರಲ್ಲಿ ಗುಂಡಿನ ಸದ್ದು ನಿಂತಾಗ ಊರಿಗೆ ವಾಪಸ್ ಹೋಗಲ್ಲ ಅಂತ ಕೂತ ಯುದ್ಧಕೈದಿಗಳು 22 ಸಾವಿರಕ್ಕೂ ಜಾಸ್ತಿ ಇದ್ದರು. ಅವರ ವಿಚಾರ ನೋಡಿಕೊಳ್ಳಲು ಐದು ತಟಸ್ಥ ದೇಶಗಳ ಆಯೋಗ ಬಂತು. ಅದರ ಅಧ್ಯಕ್ಷರು ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ. ಎಸ್. ತಿಮ್ಮಯ್ಯ. ಕಾವಲಿಗೆ ಭಾರತದ ಸೇನೆ. ಸಿಂಗ್‌ಮನ್ ರೀ ಭಾರತದ ಸೈನಿಕರು ದಕ್ಷಿಣದ ನೆಲದ ಮೇಲೆ ಕಾಲಿಡಲು ಬಿಡಲಿಲ್ಲ. ಅದಕ್ಕೆ ಅವರನ್ನು ಹಡಗಿನಿಂದ ಹೆಲಿಕಾಪ್ಟರ್‌ನಲ್ಲಿ ಎತ್ತಿ ಗಡಿ ಪಟ್ಟಿಗೆ ಸಾಗಿಸಿದರು. ಅವರ ಬಳಕೆಗೆ ನಮ್ಮ ಪ್ರಾಚೀನ ಸ್ಮಾರಕಗಳ ಸರಣಿಯ 12 ಚೀಟಿಗಳ ಮೇಲೆ ದೇವನಾಗರಿಯಲ್ಲಿ ‘ಭಾರತೀಯ ಸಂರಕ್ಷಾ ಕಟಕ ಕೊರಿಯಾ’, ಅಂದರೆ ಕೊರಿಯಾದಲ್ಲಿನ ಭಾರತದ ಕಾವಲು ಪಡೆ, ಎಂದು ಒತ್ತಲಾಯಿತು. ಆ ಹನ್ನೆರಡರಲ್ಲಿ 6 ಆಣೆಯದರಲ್ಲಿ ನಮ್ಮ ವಿಜಯಪುರದ ಗೋಳಗುಮ್ಮಟ. 38ನೇ ಅಕ್ಷಾಂಶದ ಹತ್ತಿರ ಗೋಳಗುಮ್ಮಟ! ಎರಡು ಕೊರಿಯಾಗಳಲ್ಲಿ ಯಾವುದರ ಪಟ್ಟಿಗೂ ಸೇರದ ಈ ಚೀಟಿಗಳು ಭಾರತದ ಪಟ್ಟಿಯ ಕೊನೆಯಲ್ಲಿ ಸುಮ್ನೆ ಕೂತಿರುತ್ತವೆ. ಮರುವರ್ಷ ಇದೇ ಬಗೆಯ ಮೇಲೊತ್ತು ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾದ ಆಯೋಗಗಳಿಗೂ ಬಂತು.

ಆಮೇಲಿನ ಗೊಂದಲ ಕಾನೂನಿನದು. ಯುದ್ಧ ಶುರುವಾದ ವರ್ಷವೇ ಅಮೆರಿಕ ಉತ್ತರದ ಜೊತೆ ವ್ಯಾಪಾರ ನಿಲ್ಲಿಸಿತು, ಅದರಲ್ಲಿ ಸ್ಟಾಂಪ್ ಕೂಡ ಬಂತು. ಅಲ್ಲಿನ ದೊಡ್ಡ ಕ್ಯಾಟಲಾಗ್ ಸ್ಕಾಟ್ ಬಹಳ ವರ್ಷ ಉತ್ತರದ ಚೀಟಿಗಳನ್ನು ಪಟ್ಟಿ ಮಾಡಲೇ ಇಲ್ಲ. ಬ್ರಿಟನ್‌ನ ಗಿಬನ್ಸ್, ಜರ್ಮನಿಯ ಮಿಶೆಲ್ ಪಟ್ಟಿ ಮಾಡಿದವು. ಇದರಿಂದ ಆದದ್ದೇನು ಅಂದರೆ, ಉತ್ತರದ ಚೀಟಿಗಳು ಕಾಸಿಗೆ ಬೆಲೆಯಿಲ್ಲದ ಬಣ್ಣದ ಕಾಗದ ಅನ್ನುವ ಮಾತು ಬೇರೂರಿತು. 1981ರಲ್ಲಿ ಬ್ರಿಟನ್ನಿನ ಡಯಾನಾ ಮದುವೆಗೆ ಉತ್ತರದ ರಾಜಧಾನಿ ಪ್ಯೊಂಗ್‌ಯಾಂಗ್ ಚೀಟಿ ಹೊರಡಿಸಿದ್ದು ನೋಡಿದರೆ ಆ ಮಾತಿಗೂ ಅರ್ಥ ಇದೆ ಅನ್ನಿಸಬಹುದು. ಆದರೆ 1946ರ ಒರಟು ಕಾಗದದ ಹೂವನ್ನೂ ಅದೇ ಬುಟ್ಟಿಗೆ ಹಾಕಿದ್ದು ಸರಿಯಲ್ಲ. ದಕ್ಷಿಣದಲ್ಲೂ ರಾಷ್ಟ್ರೀಯ ಭದ್ರತಾ ಕಾನೂನಿನ ನೆರಳಿನಲ್ಲಿ ಉತ್ತರದ ಯಾವ ಅಚ್ಚು ಸಾಮಾನನ್ನೂ ಇಟ್ಟುಕೊಳ್ಳಲು ಜನ ಹಿಂಜರಿಯುತ್ತಿದ್ದರು. ಹಾಗಾಗಿ ಇವನ್ನು ಜೋಪಾನ ಮಾಡಿದವರಲ್ಲಿ ಹೊರದೇಶದವರ ಕೈ ದೊಡ್ಡದು.

ಈಗ ಶುರು ಮಾಡುವವರಿಗೆ ನಾನು ಹೇಳೋದು ಇಷ್ಟು. ಎರಡು ಆಲ್ಬಮ್ ಮಾಡಬೇಡಿ. 1945ರ ಆಗಸ್ಟ್‌ನಿಂದ ತಾರೀಖಿನ ಪ್ರಕಾರ ಒಂದೇ ಆಲ್ಬಮ್‌ನಲ್ಲಿ ಇಡಿ. ಟೋಗೊ ಮೇಲಿನ ಮೇಲೊತ್ತು, ನಂತರ ಉತ್ತರದ ಹೂ, ನಂತರ ದಕ್ಷಿಣದಲ್ಲಿ ಮೇ ತಿಂಗಳಲ್ಲಿ ಬಂದ, ಬಾವುಟದ ಜೊತೆ ಒಂದು ಕುಟುಂಬ ಇರುವ ಚೀಟಿ, ನಂತರ ಕಿಮ್ ಮತ್ತು ಅದೇ ಬಾವುಟ. ಗೋಳಗುಮ್ಮಟಕ್ಕೆ 1953ರ ಪುಟದಲ್ಲಿ ಜಾಗ ಬಿಟ್ಟಿರಿ. ಮೇಲೊತ್ತು ಇರುವ ಹೊಸ ಚೀಟಿ ಸುಲಭವಾಗಿ ಸಿಗುತ್ತದೆ. ಕೊರಿಯಾದ ಸೇನಾ ಅಂಚೆಯ ಮುದ್ರೆ ಬಿದ್ದ ಲಕೋಟೆ ಸಿಗುವುದು ಅಷ್ಟು ಸುಲಭವಲ್ಲ. ಕೈಯಲ್ಲಿ ದುಡ್ಡಿದ್ದರೆ ಅದಕ್ಕೆ ಹಾಕಿ.