ಶಟ್‌ಡೌನ್ ಎಂಬ ಬೂದಿ ಮುಚ್ಚಿದ ಕೆಂಡ

ಪ್ರಶ್ನೆ: ಆಫೀಸಿನಲ್ಲಿ ಕಂಪ್ಯೂಟರ್‌ಗೆ ಏನೇ ಆದರೂ ಐಟಿಯವರು ‘ರೀಸ್ಟಾರ್ಟ್ ಮಾಡಿ’ ಅಂತಾರೆ. ನಾನು ದಿನಾ ಸಂಜೆ ಶಟ್‌ಡೌನ್ ಮಾಡಿಯೇ ಮನೆಗೆ ಹೋಗುವವನು. ಬೆಳಿಗ್ಗೆ ತಾನೇ ಆನ್ ಮಾಡಿದ ಮಷೀನನ್ನು ಹತ್ತು ಗಂಟೆಗೆ ಮತ್ತೆ ರೀಸ್ಟಾರ್ಟ್ ಮಾಡಿದರೆ ಏನು ಬದಲಾಗುತ್ತದೆ? ಇದು ನಮ್ಮನ್ನು ಸಾಗಹಾಕುವ ಉಪಾಯ ಅಲ್ಲವಾ?

ಉತ್ತರ: ಕೆಲವು ಸಲ ಸಾಗಹಾಕುವುದೂ ಉಂಟು, ಸುಳ್ಳು ಯಾಕೆ ಹೇಳಲಿ. ಸೋಮವಾರ ಬೆಳಿಗ್ಗೆ ಮೂರನೇ ಮಹಡಿಯ ಪ್ರಿಂಟರ್ ಒಂದು ಕಡೆ, ಮೀಟಿಂಗ್ ರೂಮಿನ ಪ್ರೊಜೆಕ್ಟರ್ ಇನ್ನೊಂದು ಕಡೆ ಕರೆಯುತ್ತಿರುವಾಗ ಫೋನಿನಲ್ಲಿ ‘ರೀಸ್ಟಾರ್ಟ್’ ಅಂದರೆ ಐದು ನಿಮಿಷ ಉಸಿರಾಡಲು ಸಿಗುತ್ತದೆ. ಆದರೆ ಶಟ್‌ಡೌನ್ ಮಾಡಿ ಆನ್ ಮಾಡುವುದೂ ರೀಸ್ಟಾರ್ಟ್ ಮಾಡುವುದೂ ಒಂದೇ ಅಂತ ನೀವು ನಂಬಿದ್ದೀರಲ್ಲ, ತೊಡಕಿರುವುದು ಅಲ್ಲೇ. ವಿಂಡೋಸ್ ಮಷೀನುಗಳಲ್ಲಿ ಅವೆರಡೂ ಬೇರೆಯಾಗಿ 2012ರಿಂದ ಇಷ್ಟು ವರ್ಷವಾಯಿತು.

ನಮ್ಮ ಅಕೌಂಟ್ಸ್ ಮೇಡಂ ಒಂದು ದಿನ ಪ್ರಿಂಟ್ ಹೋಗುತ್ತಿಲ್ಲ ಅಂತ ಕರೆದರು. ನಾನು ಬಾಯಿ ತೆರೆಯುವ ಮೊದಲೇ, ‘ರೀಸ್ಟಾರ್ಟ್ ಅಂತ ಮಾತ್ರ ಹೇಳಬೇಡಪ್ಪಾ, ನಿನ್ನೆ ಸಂಜೆ ನಾನೇ ಕೈಯಾರೆ ಆಫ್ ಮಾಡಿ ಹೋಗಿದ್ದೀನಿ’ ಅಂದರು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದೆ. ಅದರಲ್ಲಿ ಪರ್ಫಾರ್ಮೆನ್ಸ್, ಅದರೊಳಗೆ ಸಿಪಿಯು. ಕೆಳಗೆ ‘ಅಪ್ ಟೈಮ್’ ಅಂತ, ಅಂದರೆ ವಿಂಡೋಸ್ ಕೊನೆಯ ಸಲ ಹೊಸದಾಗಿ ಶುರುವಾಗಿ ಎಷ್ಟು ಹೊತ್ತಾಯಿತು ಅಂತ ತೋರಿಸುವ ಒಂದು ಸಂಖ್ಯೆ ಓಡುತ್ತಿರುತ್ತದೆ. 23 ದಿನ, ಮೇಲೆ ಕೆಲವು ಗಂಟೆ. ಮೇಡಂ ಕನ್ನಡಕ ಸರಿಮಾಡಿಕೊಂಡು ನೋಡಿದರು. ‘ಅಂದರೆ 20ನೇ ತಾರೀಖಿನ ಜಿಎಸ್‌ಟಿ ರಿಟರ್ನೂ ಇದರೊಳಗೇ ಹೋಗಿದೆಯಾ?’

ಹೋಗಿತ್ತು. ಆ ಮಷೀನು ಅಷ್ಟು ದಿನ ನಿಜವಾದ ಅರ್ಥದಲ್ಲಿ ಆರಿಯೇ ಇರಲಿಲ್ಲ.

ನನ್ನಜ್ಜಿ ರಾತ್ರಿ ಒಲೆ ಆರಿಸುತ್ತಿರಲಿಲ್ಲ. ಕೆಂಡದ ಮೇಲೆ ಬೂದಿ ಮುಚ್ಚಿಡುತ್ತಿದ್ದಳು. ಬೆಳಿಗ್ಗೆ ಬೂದಿ ಸರಿಸಿ ನಾಲ್ಕು ಪುರಳೆ ಇಟ್ಟು ಊದಿದರೆ ಬೆಂಕಿಪೊಟ್ಟಣದ ಹಂಗಿಲ್ಲದೆ ಒಲೆ ಹತ್ತುತ್ತಿತ್ತು. ವಿಂಡೋಸ್ 8ರ ಜೊತೆ ಬಂದ ‘ಫಾಸ್ಟ್ ಸ್ಟಾರ್ಟಪ್’ ಮಾಡುವುದೂ ಇದನ್ನೇ. ನೀವು ಶಟ್‌ಡೌನ್ ಒತ್ತಿದಾಗ ನಿಮ್ಮ ಎಕ್ಸೆಲ್, ಬ್ರೌಸರ್ ಎಲ್ಲ ಮುಚ್ಚುತ್ತವೆ, ನೀವು ಲಾಗ್‌ಔಟ್ ಆಗುತ್ತೀರಿ. ಆದರೆ ವಿಂಡೋಸಿನ ಮೂಲ ಭಾಗವಾದ ಕರ್ನಲ್ಲು ಮತ್ತು ಕೀಬೋರ್ಡ್, ವೈಫೈಯಂಥ ಭಾಗಗಳನ್ನು ನಡೆಸುವ ಡ್ರೈವರುಗಳು ಆ ಕ್ಷಣಕ್ಕೆ ಹೇಗಿದ್ದವೋ ಹಾಗೇ ‘ಹೈಬರ್‌ಫಿಲ್’ ಎಂಬ ಫೈಲಿನಲ್ಲಿ ಡಿಸ್ಕಿಗೆ ಬರೆದುಕೊಳ್ಳುತ್ತವೆ. ಬೆಳಿಗ್ಗೆ ಆನ್ ಮಾಡಿದಾಗ ಮೊದಲಿನಿಂದ ಶುರುವಾಗುವುದಿಲ್ಲ, ಆ ಫೈಲನ್ನು ಓದಿಕೊಂಡು ನಿನ್ನೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ನಿನ್ನೆ ಸಿಕ್ಕಿಕೊಂಡಿದ್ದ ಡ್ರೈವರು ಇವತ್ತೂ ಸಿಕ್ಕಿಕೊಂಡೇ ಏಳಬಹುದು. ರೀಸ್ಟಾರ್ಟ್ ಒತ್ತಿದರೆ ಮಾತ್ರ ಬೂದಿ, ಕೆಂಡ ಎಲ್ಲ ಬಳಿದು ಹೊಸದಾಗಿ ಒಲೆ ಹಚ್ಚಿದ ಹಾಗೆ.

ತಿರುಗುವ ಹಾರ್ಡ್ ಡಿಸ್ಕಿನ ಕಾಲದಲ್ಲಿ ಈ ಉಪಾಯಕ್ಕೆ ಅರ್ಥವಿತ್ತು. ಮಷೀನು ಏಳುವಷ್ಟರಲ್ಲಿ ಪ್ಯಾಂಟ್ರಿಗೆ ಹೋಗಿ ಕಾಫಿ ತರಬಹುದಿತ್ತು. ಎಸ್‌ಎಸ್‌ಡಿ ಎಂಬ ತಿರುಗುವ ಭಾಗವಿಲ್ಲದ ವೇಗದ ಡಿಸ್ಕು ಬಂದ ಮೇಲೆ ಇದರಿಂದ ಉಳಿಯುವುದು ಕೆಲವೇ ಸೆಕೆಂಡು. ನನ್ನ ಕೈಗೆ ಬರುವ ಪ್ರತಿ ಹೊಸ ಲ್ಯಾಪ್‌ಟಾಪಿನಲ್ಲೂ ಮೊದಲು ಫಾಸ್ಟ್ ಸ್ಟಾರ್ಟಪ್ ತೆಗೆದುಹಾಕಿ ಆಮೇಲೆ ಬೇರೆ ಕೆಲಸ ನೋಡುತ್ತೇನೆ.

ಸರಿ, ರೀಸ್ಟಾರ್ಟ್ ಆದರೆ ಒಳಗೆ ಸರಿಹೋಗುವುದಾದರೂ ಏನು? ಪ್ರೋಗ್ರಾಂಗಳು ಮೆಮೊರಿಯನ್ನು ಸಾಲದಂತೆ ಪಡೆಯುತ್ತವೆ, ಕೆಲಸ ಮುಗಿದ ಮೇಲೆ ವಾಪಸು ಕೊಡಬೇಕು. ಕೆಲವು ಕೊಡುವುದಿಲ್ಲ. ದಿನಕ್ಕಿಷ್ಟು ಸೋರುತ್ತಾ ಹೋಗಿ ಕೊನೆಗೆ ಎಲ್ಲರಿಗೂ ಜಾಗ ಕಡಿಮೆಯಾಗುತ್ತದೆ. ಪ್ರಿಂಟಿಗೆ ಕಳಿಸಿದ ಫೈಲುಗಳನ್ನು ಸಾಲಾಗಿ ನಿಲ್ಲಿಸುವ ಪ್ರಿಂಟ್ ಸ್ಪೂಲರ್‌ನಲ್ಲಿ ಒಂದು ಹಾಳು ಫೈಲು ಅಡ್ಡ ಮಲಗಿದರೆ ಹಿಂದಿನವೆಲ್ಲ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಗಾಡಿಗಳಂತೆ ನಿಲ್ಲುತ್ತವೆ. (ಮೇಡಂ ಮಷೀನಿನಲ್ಲಿ ಆಗಿದ್ದೂ ಸ್ಪೂಲರ್ ತೊಂದರೆಯೇ.) ಇನ್ನು ಅಪ್‌ಡೇಟುಗಳು: ಬಳಕೆಯಲ್ಲಿರುವ ಫೈಲನ್ನು ವಿಂಡೋಸ್ ಬದಲಿಸಲಾರದು. ಹೊಸದನ್ನು ಪಕ್ಕದಲ್ಲಿಟ್ಟುಕೊಂಡು ನೀವು ಯಾವಾಗ ರೀಸ್ಟಾರ್ಟ್ ಮಾಡುತ್ತೀರೋ ಅಂತ ಕಾಯುತ್ತಿರುತ್ತದೆ.

ಇದು ನಮ್ಮಂಥ ಸಣ್ಣ ಆಫೀಸಿನ ಪಾಡಷ್ಟೇ ಅಂದುಕೊಳ್ಳಬೇಡಿ. ವಿಂಡೋಸ್ 95 ಎಡೆಬಿಡದೆ 49.7 ದಿನ ಓಡಿದರೆ ನಿಂತುಬಿಡಬಹುದಿತ್ತು. ಮಿಲಿಸೆಕೆಂಡುಗಳನ್ನು ಎಣಿಸುತ್ತಿದ್ದ 32 ಬಿಟ್ಟಿನ ಎಣಿಕೆ ಅಷ್ಟು ದಿನಕ್ಕೆ ತುಂಬಿ ಸೊನ್ನೆಗೆ ಬರುತ್ತಿತ್ತು. 2015ರಲ್ಲಿ ಅಮೆರಿಕದ ವಿಮಾನಯಾನ ಪ್ರಾಧಿಕಾರ ಬೋಯಿಂಗ್ 787 ವಿಮಾನಗಳ ಬಗ್ಗೆ ಇಂಥದೇ ಎಚ್ಚರಿಕೆ ಕೊಟ್ಟಿತು. 248 ದಿನ ಸತತವಾಗಿ ಪವರ್ ಆನ್ ಇದ್ದರೆ ಜನರೇಟರುಗಳ ನಿಯಂತ್ರಣ ಘಟಕಗಳು ಒಟ್ಟಿಗೆ ಕೈಕೊಟ್ಟು ವಿದ್ಯುತ್ ನಿಲ್ಲಬಹುದು ಅಂತ. ಸಾಫ್ಟ್‌ವೇರ್ ತಿದ್ದುವವರೆಗೆ ಹೇಳಿದ ಪರಿಹಾರ? ಅಷ್ಟರೊಳಗೆ ಒಮ್ಮೆ ಪವರ್ ಆಫ್ ಮಾಡಿ ಆನ್ ಮಾಡಿ. ಓದಿದ ದಿನ ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ಈಗ ನೀವು ಮಾಡಬೇಕಾದ್ದು. ವಾರಕ್ಕೊಮ್ಮೆ, ಶುಕ್ರವಾರ ಸಂಜೆಯೋ ಯಾವಾಗಲೋ, ಶಟ್‌ಡೌನ್ ಬದಲು ರೀಸ್ಟಾರ್ಟ್ ಒತ್ತಿ. ಪೂರ್ತಿ ಆರಿಸಲೇಬೇಕಿದ್ದರೆ ಶಿಫ್ಟ್ ಕೀ ಹಿಡಿದುಕೊಂಡು ಶಟ್‌ಡೌನ್ ಕ್ಲಿಕ್ ಮಾಡಿ, ಆಗ ಕೆಂಡ ಉಳಿಯುವುದಿಲ್ಲ. ಲ್ಯಾಪ್‌ಟಾಪಿನ ಮುಚ್ಚಳ ಮಡಚಿ ಬ್ಯಾಗಿಗೆ ಹಾಕಿಕೊಂಡು ಮೆಟ್ರೊ ಹತ್ತುವವರು ಶಟ್‌ಡೌನನ್ನೂ ಮಾಡಿರುವುದಿಲ್ಲ, ಅದು ಬರೀ ನಿದ್ದೆ. ಮ್ಯಾಕ್ ಇದ್ದವರಿಗೆ ಈ ಫಾಸ್ಟ್ ಸ್ಟಾರ್ಟಪ್ಪಿನ ತಕರಾರಿಲ್ಲ.

ಎಲ್ಲಕ್ಕೂ ಇದೇ ಮದ್ದಲ್ಲ. 2024ರ ಜುಲೈ 19, ಶುಕ್ರವಾರ. ಒಂದು ಸೆಕ್ಯುರಿಟಿ ಸಾಫ್ಟ್‌ವೇರಿನ ತಪ್ಪು ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಮಷೀನುಗಳು ನೀಲಿ ಪರದೆ ಹೊದ್ದು ಮಲಗಿದವು. ರೀಸ್ಟಾರ್ಟ್ ಮಾಡಿದರೆ ಮತ್ತೆ ಅದೇ ನೀಲಿ. ಎಷ್ಟೋ ಕಡೆ ಯಾರಾದರೂ ಮಷೀನಿನ ಮುಂದೆ ಕೂತು, ಅತ್ಯಗತ್ಯ ಭಾಗಗಳಷ್ಟೇ ಏಳುವ ಸೇಫ್ ಮೋಡಿಗೆ ಹೋಗಿ, ಆ ಒಂದು ಫೈಲನ್ನು ಅಳಿಸಬೇಕಿತ್ತು. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇದ್ದರೆ ಅದಕ್ಕೂ ಮೊದಲು 48 ಅಂಕಿಯ ರಿಕವರಿ ಕೀ ಟೈಪ್ ಮಾಡಬೇಕು, ಪ್ರತಿ ಮಷೀನಿಗೂ ಬೇರೆ ಬೇರೆ. ನಮ್ಮ ಆಫೀಸಿಗೆ ಅದು ತಟ್ಟಲಿಲ್ಲ. ಔಟರ್ ರಿಂಗ್ ರೋಡಿನಲ್ಲಿ ಕೆಲಸ ಮಾಡುವ ಗೆಳೆಯನಿಗೆ ಮಾತ್ರ ಆ ಶನಿವಾರ, ಭಾನುವಾರ ಎರಡೂ ಹೋದವು.

ತೊಂದರೆ ಕಂಪ್ಯೂಟರಿನ ಹೊರಗಿದ್ದರಂತೂ ರೀಸ್ಟಾರ್ಟ್ ಏನೂ ಮಾಡದು. ಅದಕ್ಕೇ ನನ್ನ ಬ್ಯಾಗಿನಲ್ಲಿ ಎಸ್‌ಪಿ ರೋಡಿನಲ್ಲಿ ಚೌಕಾಸಿ ಮಾಡಿ ತಂದ ಸಾಮಾನು ತುಂಬಿರುತ್ತದೆ: ಕ್ರಿಂಪಿಂಗ್ ಟೂಲು, ಆರ್‌ಜೆ-45 ಜ್ಯಾಕಿನ ಪೊಟ್ಟಣ, ವಿಂಡೋಸ್ ತುಂಬಿದ ಎರಡು ಪೆನ್‌ಡ್ರೈವು, ಕೇಬಲ್ ಟೆಸ್ಟರು. ಒಂದು ಎರೇಸರು ಕೂಡ, ಮಕ್ಕಳು ಬಳಸುವಂಥದ್ದೇ. ಹಳೇ ಡೆಸ್ಕ್‌ಟಾಪು ಬೀಪ್ ಬೀಪ್ ಅಂದರೆ ರ‍್ಯಾಮ್ ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಮೆಲ್ಲಗೆ ಉಜ್ಜಿ ಮತ್ತೆ ಕೂರಿಸುತ್ತೇನೆ. ಒಂದೇ ಸೀಟಿನಲ್ಲಿ ನೆಟ್ ಪದೇ ಪದೇ ಹೋಗುತ್ತಿದ್ದಾಗ ಆ ಹುಡುಗಿಗೆ ನಾನೇ ಮೂರು ಸಲ ರೀಸ್ಟಾರ್ಟ್ ಮಾಡಿಸಿದ್ದೆ. ಕೊನೆಗೆ ಟೆಸ್ಟರ್ ಹಾಕಿದರೆ ಕೇಬಲಿನ ತಂತಿಗೊಂದರಂತೆ ಇರುವ ಎಂಟು ದೀಪಗಳಲ್ಲಿ ಮೂರನೆಯದು ಹತ್ತಲಿಲ್ಲ. ಮೇಜಿನಡಿ ಇಲಿ ಕೇಬಲ್ ಕಡಿದಿತ್ತು. ಅವಳು ಏನೂ ಅನ್ನಲಿಲ್ಲ, ನಕ್ಕಳಷ್ಟೇ. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು.

ಒಂದು ಸಂದರ್ಭದಲ್ಲಿ ಮಾತ್ರ ನೀವಾಗಿ ರೀಸ್ಟಾರ್ಟ್ ಮಾಡಲೇಬೇಡಿ. ಫೈಲುಗಳ ಹೆಸರು ಕಣ್ಣೆದುರೇ ಬದಲಾಗುತ್ತಿದ್ದರೆ ಅಥವಾ ದುಡ್ಡು ಕೇಳುವ ಪರದೆ ಎದ್ದರೆ, ಮೊದಲು ಲ್ಯಾನ್ ಕೇಬಲ್ ಕೀಳಿ, ವೈಫೈ ಆರಿಸಿ, ಮಷೀನನ್ನು ಹಾಗೇ ಬಿಟ್ಟು ನಮಗೆ ಫೋನ್ ಮಾಡಿ. ಒಳಗೆ ಬಂದದ್ದು ಯಾವುದು ಅನ್ನುವ ಸುಳಿವು ಮೆಮೊರಿಯಲ್ಲಿ ಉಳಿದಿರಬಹುದು, ರೀಸ್ಟಾರ್ಟ್ ಆದರೆ ಅದು ಹೋಗುತ್ತದೆ. ಬೇರೆ ಯಾವುದೇ ಎರರ್ ಬಂದರೂ, ರೀಸ್ಟಾರ್ಟ್ ಮಾಡುವ ಮೊದಲು ಮೊಬೈಲಿನಲ್ಲಿ ಪರದೆಯ ಒಂದು ಫೋಟೊ ತೆಗೆದಿಡಿ. ‘ಏನೋ ಇಂಗ್ಲಿಷಿನಲ್ಲಿ ಬಂತು, ಓಕೆ ಒತ್ತಿದೆ’ ಅಂದರೆ ನಾವೂ ಮತ್ತೆ ರೀಸ್ಟಾರ್ಟ್ ಅಂತಲೇ ಹೇಳಬೇಕಾಗುತ್ತದೆ.