ಡ್ಯುಯಲ್ ಬೂಟ್: ವಿಂಡೋಸ್ ಪಕ್ಕದಲ್ಲೇ ಉಬುಂಟು

ಬೆಂಗಳೂರಿನ ಒಂದು 30×40 ಅಡಿ ಸೈಟ್ ನೆನಪು ಮಾಡಿಕೊಳ್ಳಿ. ಮನೆ ಎರಡು, ಗೇಟ್ ಒಂದೇ, ಸಂಪೂ ಒಂದೇ. ಒಂದೇ ಕಂಪ್ಯೂಟರ್‌ನಲ್ಲಿ ಎರಡು ಆಪರೇಟಿಂಗ್ ಸಿಸ್ಟಂ ಇಟ್ಟುಕೊಂಡು, ಆನ್ ಮಾಡುವಾಗ ಬೇಕಾದ್ದನ್ನು ಆರಿಸುವ ಡ್ಯುಯಲ್ ಬೂಟ್ ಕೂಡ ಹೀಗೇ. ವಿಂಡೋಸ್‌ಗೆ ಡಿಸ್ಕ್‌ನ ಒಂದು ಭಾಗ (ಪಾರ್ಟಿಶನ್), ಉಚಿತ ಲಿನಕ್ಸ್ ಸಿಸ್ಟಂ ಆದ ಉಬುಂಟುಗೆ ಇನ್ನೊಂದು. ಆದರೆ ಕಂಪ್ಯೂಟರ್ ಶುರುವಾಗಲು ಬೇಕಾದ ಬೂಟ್ ಫೈಲುಗಳಿರುವ ಇಎಫ್‌ಐ ಪಾರ್ಟಿಶನ್ ಎರಡಕ್ಕೂ ಸಾಮಾನ್ಯವಾಗಿ ಒಂದೇ, ಮದರ್‌ಬೋರ್ಡ್ ಮೇಲಿನ ಗಡಿಯಾರವೂ ಒಂದೇ. ತೊಂದರೆ ಶುರುವಾಗುವುದು ಹೆಚ್ಚಾಗಿ ಹೀಗೆ ಹಂಚಿಕೊಂಡ ಕಡೆಯೇ. ಅದಕ್ಕೇ ಅದನ್ನೇ ಜಾಸ್ತಿ ಬರೆದಿದ್ದೇನೆ.

ಮೊದಲು ಬ್ಯಾಕಪ್. ಆಮೇಲೆ ಬಿಟ್‌ಲಾಕರ್ ನೋಡಿ, ಅಂದರೆ ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಎನ್‌ಕ್ರಿಪ್ಶನ್. ಹೊಸ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಎನ್‌ಕ್ರಿಪ್ಶನ್ ನಮಗೆ ಗೊತ್ತಿಲ್ಲದೇ ಆನ್ ಆಗಿರಬಹುದು. ಬೂಟ್ ಸೆಟ್ಟಿಂಗ್ ಮುಟ್ಟಿದರೆ ಅದು 48 ಅಂಕಿಯ ರಿಕವರಿ ಕೀ ಕೇಳುವ ಸಾಧ್ಯತೆ ಇದೆ. ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಕೀ ಹುಡುಕಿ, ಕಾಗದದ ಮೇಲೆ ಬರೆದಿಟ್ಟುಕೊಂಡು ಮುಂದೆ ಹೋಗಿ.

ಜಾಗ ಬಿಡಿಸುವುದು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಆಗಲಿ. ನನ್ನ ಲ್ಯಾಪ್‌ಟಾಪ್‌ನಲ್ಲಿ 180 ಜಿಬಿ ಖಾಲಿ ಇತ್ತು. ಪಾರ್ಟಿಶನ್ ಚಿಕ್ಕದು ಮಾಡುವ ಶ್ರಿಂಕ್ ಒತ್ತಿದರೆ 9 ಜಿಬಿ ಮಾತ್ರ ಸಿಗುತ್ತೆ ಅಂತ ತೋರಿಸಿತು! ವಿಂಡೋಸ್ ತನಗಾಗಿ ಇಟ್ಟುಕೊಳ್ಳುವ ಹೈಬರ್ನೇಶನ್ ಫೈಲ್, ಪೇಜ್ ಫೈಲ್ ಡಿಸ್ಕ್‌ನ ನಡುವೆ ಕೂತಿದ್ದರೆ ಶ್ರಿಂಕ್ ಅಲ್ಲಿಗೇ ನಿಂತುಬಿಡುತ್ತದೆ. ಎರಡನ್ನೂ ಆಫ್ ಮಾಡಿ ರೀಸ್ಟಾರ್ಟ್ ಮಾಡಿದ ಮೇಲೆ ಬೇಕಾದಷ್ಟು ಜಾಗ ಸಿಕ್ಕಿತು. ಪೇಜ್ ಫೈಲ್ ಆಮೇಲೆ ಮತ್ತೆ ಆನ್ ಮಾಡಿ.

ಫಾಸ್ಟ್ ಸ್ಟಾರ್ಟಪ್ ಮಾತ್ರ ಆಫ್ ಆಗಿಯೇ ಇರಲಿ. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಅರ್ಧ ನಿದ್ದೆ ಅಷ್ಟೇ. ಆ ಸ್ಥಿತಿಯಲ್ಲಿ ಉಬುಂಟುವಿನಿಂದ ಸಿ ಡ್ರೈವ್‌ಗೆ ಬರೆದರೆ ಫೈಲು ಹಾಳಾಗಬಹುದು.

ಉಬುಂಟುವನ್ನು ಪೆನ್‌ಡ್ರೈವ್‌ಗೆ ಹಾಕಲು 8 ಜಿಬಿಯದು ಸಾಕು. ಬೆಂಗಳೂರಿನ ಎಸ್‌ಪಿ ರೋಡ್‌ನ ಕಂಪ್ಯೂಟರ್ ಅಂಗಡಿಗಳಲ್ಲಿ ಸಿಗುತ್ತದೆ. ಮಳೆ ಬಂದ ಸಂಜೆ ಕರೆಂಟ್ ಹೋಗೋದು ಇದ್ದದ್ದೇ ಅಲ್ವಾ, ಬ್ಯಾಟರಿ ತುಂಬಿಸಿಕೊಂಡೇ ಕೂತುಕೊಳ್ಳಿ. ಲ್ಯಾಪ್‌ಟಾಪನ್ನು ಆ ಪೆನ್‌ಡ್ರೈವ್‌ನಿಂದ ಶುರು ಮಾಡಿ, ಇನ್‌ಸ್ಟಾಲ್ ಮಾಡುವಾಗ ‘ವಿಂಡೋಸ್ ಪಕ್ಕದಲ್ಲಿ ಇನ್‌ಸ್ಟಾಲ್’ ಅನ್ನುವ ಆಯ್ಕೆ ಬಂದರೆ ಅದನ್ನೇ ಒತ್ತಿ. ಕೈಯಾರೆ ಪಾರ್ಟಿಶನ್ ಮಾಡುವವರು ಇಎಫ್‌ಐ ಪಾರ್ಟಿಶನ್ ಫಾರ್ಮ್ಯಾಟ್ ಮಾಡಲೇಬೇಡಿ. ಗೇಟ್ ಕಿತ್ತರೆ ಹಳೇ ಮನೆಗೂ ದಾರಿ ಇರಲ್ಲ. ಮುಗಿದ ಮೇಲೆ ಯಾವ ಸಿಸ್ಟಂ ಬೇಕು ಅಂತ ಕೇಳುವ ಗ್ರಬ್ ಮೆನು ಬರದೆ ಸೀದಾ ವಿಂಡೋಸ್ ತೆರೆದರೆ ಗಾಬರಿ ಬೇಡ. ಬಯೋಸ್‌ಗೆ (ಮದರ್‌ಬೋರ್ಡ್‌ನ ಸೆಟ್ಟಿಂಗ್ ಪರದೆಗೆ) ಹೋಗಿ ಬೂಟ್ ಆರ್ಡರ್‌ನಲ್ಲಿ ಉಬುಂಟುವನ್ನು ಮೇಲಕ್ಕೆ ತನ್ನಿ.

ಇನ್ನು ಗಡಿಯಾರ. ರಾತ್ರಿ ಉಬುಂಟು ಬಳಸಿ, ಬೆಳಗ್ಗೆ 9ಕ್ಕೆ ವಿಂಡೋಸ್ ತೆರೆದೆ. ಮೂಲೆಯಲ್ಲಿ 3:30 ಅಂತ ಇತ್ತು. ಸರಿಯಾಗಿ ಐದೂವರೆ ಗಂಟೆ ಹಿಂದೆ! ಉಬುಂಟು ಮದರ್‌ಬೋರ್ಡ್ ಗಡಿಯಾರದಲ್ಲಿ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ) ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಅಂತ ಓದುತ್ತದೆ. ನಮ್ಮ ಸಮಯ ಯುಟಿಸಿಗಿಂತ 5:30 ಮುಂದೆ, ಅದೇ ವ್ಯತ್ಯಾಸ ಇಲ್ಲಿ ಕಾಣೋದು. ಗಡಿಯಾರದಲ್ಲಿ ಸ್ಥಳೀಯ ಸಮಯವನ್ನೇ ಇಡು ಅಂತ ಉಬುಂಟು ಟರ್ಮಿನಲ್‌ನಲ್ಲಿ ಒಂದು ಸಾಲಿನ ಕಮಾಂಡ್ ಕೊಟ್ಟೆ. ಆಮೇಲೆ ಎರಡೂ ಕಡೆ ಒಂದೇ ಸಮಯ.